ರಕ್ತದಾನ ಶಿಬಿರ ಕ್ರೀಡಾಕೂಟದ ನಂತರವೇ ಏಕೆ?

ಮಾನ್ಯ ಪೋಷಕರೇ,

ಈ ವರ್ಷದ ರಕ್ತದಾನ ಶಿಬಿರವನ್ನು ಕ್ರೀಡಾಕೂಟ ಮುಗಿದ ಮರುವಾರದ ಶನಿವಾರಕ್ಕೆ ಮುಂದೂಡಿದ್ದೇವೆ. ಎರಡನ್ನೂ ಒಂದೇ ವಾರದಲ್ಲಿ ನಡೆಸಿದರೆ ಶಾಮಿಯಾನದ ಬಾಡಿಗೆ ಉಳಿಯುತ್ತದೆ ಎಂದು ಸಭೆಯಲ್ಲಿ ಕೆಲವರು ಸೂಚಿಸಿದ್ದರು. ಲೆಕ್ಕವೇನೋ ಸರಿ. ಆದರೆ ಪೋಷಕರ ಓಟದ ಪಟ್ಟಿಯನ್ನೂ ರಕ್ತದಾನಿಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅರ್ಧಕ್ಕರ್ಧ ಅವೇ ಹೆಸರುಗಳು! ಉತ್ಸಾಹಿಗಳು ಎಲ್ಲ ಕಡೆಯೂ ಅವರೇ ಇರುತ್ತಾರೆ.

ರಕ್ತ ಕೊಟ್ಟರೆ ಮೈ ಸೊರಗುತ್ತದೆ ಎಂಬ ಅಂಜಿಕೆ ಬೇಡ. 350 ಅಥವಾ 450 ಮಿಲಿಲೀಟರ್ ಕೊಟ್ಟರೆ ಅದರ ದ್ರವಭಾಗ ಒಂದೆರಡು ದಿನದಲ್ಲೇ ತುಂಬಿಕೊಳ್ಳುತ್ತದೆ. ತಡವಾಗುವುದು ಕೆಂಪು ರಕ್ತಕಣಗಳು. ಅವು ಪೂರ್ತಿ ಮರಳಲು ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಸ್ನಾಯುಗಳಿಗೆ ಆಮ್ಲಜನಕ ಹೊತ್ತೊಯ್ಯುವುದು ಇವೇ ಆದ್ದರಿಂದ, ಮೊದಲಿನ ವೇಗದಲ್ಲೇ ಓಡಿದರೂ ಎದೆ ಹೆಚ್ಚು ಬಡಿದುಕೊಳ್ಳುತ್ತದೆ, ಏದುಸಿರು ಬೇಗ ಬರುತ್ತದೆ. ದಿನವೂ ಲಾಲ್‌ಬಾಗಿನಲ್ಲಿ ಓಡುವ ನಮ್ಮ ಪೋಷಕರೊಬ್ಬರಿಗೆ ರಕ್ತ ಕೊಟ್ಟ ಮೂರನೆಯ ದಿನ ಸಮತಟ್ಟು ದಾರಿಯಲ್ಲಿ ಏನೂ ಗೊತ್ತಾಗಲಿಲ್ಲವಂತೆ. ಬಂಡೆ ಹತ್ತುವಾಗ ಮಾತ್ರ ಅರ್ಧದಲ್ಲೇ ಮೊಣಕಾಲಿಗೆ ಕೈ ಊರಿ ನಿಂತರಂತೆ. ನೂರು ಮೀಟರ್ ಓಟದಲ್ಲೋ ಗುಂಡು ಎಸೆತದಲ್ಲೋ ಈ ವ್ಯತ್ಯಾಸ ಅಷ್ಟಾಗಿ ಕಾಣಿಸದು. 1500 ಮೀಟರ್ ಆಗಲಿ, ನಗರದ ಹತ್ತು ಕಿಲೋಮೀಟರ್ ಓಟವಾಗಲಿ, ಅಲ್ಲಿ ಕಾಣಿಸುತ್ತದೆ. ಅಂಥವರು ಓಟ ಮುಗಿಸಿ, ದಣಿವಾರಿಸಿಕೊಂಡು ರಕ್ತ ಕೊಡುವುದೇ ಜಾಣತನ.

ಕೊಟ್ಟ ದಿನ ನೀರು, ಮಜ್ಜಿಗೆ ಧಾರಾಳವಾಗಿ ಕುಡಿಯಿರಿ. ಸೂಜಿ ಚುಚ್ಚಿದ ಕೈಯಲ್ಲಿ ಭಾರ ಎತ್ತಬೇಡಿ, ಜಿಮ್ಮಿಗೆ ರಜೆ ಕೊಡಿ.

ಜನ ಮರೆಯುವುದು ಕಬ್ಬಿಣಾಂಶವನ್ನು. ಒಮ್ಮೆ ರಕ್ತ ಕೊಟ್ಟರೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ದೇಹದಿಂದ ಹೋಗುತ್ತದೆ. ಊಟದಿಂದ ದಿನಕ್ಕೆ ದೇಹ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟೇ ಮತ್ತೆ ಕೊಡಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ನುಗ್ಗೆಸೊಪ್ಪಿನ ಪಲ್ಯ, ನಿಂಬೆರಸ ಹಿಂಡಿದ ಹೆಸರುಕಾಳಿನ ಕೋಸಂಬರಿ ಒಳ್ಳೆಯವು. ಊಟದ ಬೆನ್ನಿಗೇ ಕಾಫಿ, ಚಹಾ ಕುಡಿದರೆ ಕಬ್ಬಿಣ ಹೀರಿಕೆಗೆ ಅಡ್ಡಿಯಾಗುತ್ತದೆ. ಬೆಂಗಳೂರಿನವರಿಗೆ ಕಷ್ಟವೇ, ಆದರೂ ಒಂದು ಗಂಟೆ ತಡೆದುಕೊಳ್ಳಿ.

ಇನ್ನು ನಮ್ಮ ಪಿಯು ವಿದ್ಯಾರ್ಥಿಗಳ ವಿಷಯ. ಹದಿನೆಂಟು ತುಂಬಿದ ಮರುದಿನವೇ ತೋಳು ಚಾಚಲು ಕೆಲವರು ತುದಿಗಾಲಲ್ಲಿ ನಿಂತಿದ್ದಾರೆ. ವಯಸ್ಸಿನ ಜೊತೆಗೆ ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಗ್ರಾಂ ಇರಲೇಬೇಕು. ಜಿಲ್ಲಾ ಮಟ್ಟದ ಓಟಕ್ಕೆ ಆಯ್ಕೆಯಾದವರು ಪಂದ್ಯಗಳೆಲ್ಲ ಮುಗಿಯುವವರೆಗೆ ಕೊಡುವಂತಿಲ್ಲ. ಇದು ನನ್ನ ತೀರ್ಮಾನ, ಮುನಿಸಿಕೊಂಡರೂ ಬದಲಾಗದು. ಅಭ್ಯಾಸದಲ್ಲಿ ಮಗಳು ಪದೇ ಪದೇ ಸುಸ್ತಾಗುತ್ತಿದ್ದರೆ ಸೋಮಾರಿತನ ಎಂದು ಗದರುವ ಮೊದಲು ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಒಪ್ಪಿಗೆ ಪತ್ರಗಳನ್ನು ತರಗತಿ ಶಿಕ್ಷಕರಿಗೆ ತಲುಪಿಸಿ. ಶಿಬಿರಕ್ಕೆ ತಿಂಡಿ ತಿಂದೇ ಬನ್ನಿ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನಿಸಿ, ಸ್ವಲ್ಪ ಹೊತ್ತು ಕೂರಿಸಿದ ಮೇಲೆಯೇ ಒಳಗೆ ಬಿಡುತ್ತೇವೆ.

ಇಂತಿ,
ಮುಖ್ಯೋಪಾಧ್ಯಾಯಿನಿ