ಆಕಾರ ಕೇಳುವ ಮುಂಚೆ ಘನವೋ ಆವಿಯೋ ಹೇಳಿ

ಮಾನ್ಯ ಸಂಪಾದಕರೇ,

ನನ್ನ ಮೊಮ್ಮಗಳು ಇಲ್ಲೇ ಕಾರವಾರದಲ್ಲಿ ಮೊದಲ ಪಿಯುಸಿ ಓದುತ್ತಾಳೆ. ಮೊನ್ನೆ ಕಾಲೇಜಿನ ಟೆಸ್ಟಿನಲ್ಲಿ ‘ಬೆರಿಲಿಯಂ ಕ್ಲೋರೈಡಿನ ಆಕಾರ ಬರೆಯಿರಿ’ ಅಂತ ಪ್ರಶ್ನೆ ಇತ್ತು. ಅವಳು ಸರಪಳಿಯ ಚಿತ್ರ ಬರೆದಳು. ಸಿಕ್ಕಿದ್ದು ಸೊನ್ನೆ. ‘ನೇರ ರೇಖೆ, 180 ಡಿಗ್ರಿ’ ಅಂದವರಿಗೆಲ್ಲ ಪೂರ್ತಿ ಅಂಕ. ವರ್ಷಗಟ್ಟಲೆ ಇದೇ ಪಾಠ ಮಾಡಿದ ನನಗೆ ಸುಮ್ನೆ ಇರಲು ಆಗಲಿಲ್ಲ.

180 ಡಿಗ್ರಿ ತಪ್ಪಲ್ಲ. ಬೆರಿಲಿಯಂನ ಹೊರಕವಚದಲ್ಲಿರುವುದು ಎರಡೇ ಎಲೆಕ್ಟ್ರಾನ್. ಅವೆರಡನ್ನೂ ಎರಡು ಕ್ಲೋರಿನ್‌ಗಳ ಜೊತೆ ಹಂಚಿಕೊಂಡ ಮೇಲೆ ಅದರ ಬಳಿ ಒಂಟಿ ಜೋಡಿ, ಅಂದರೆ ಬಂಧಕ್ಕೆ ಸೇರದ ಎಲೆಕ್ಟ್ರಾನ್ ಜೋಡಿ, ಉಳಿಯುವುದಿಲ್ಲ, ಹಾಗಾಗಿ ಎರಡು ಬಂಧಗಳು ಒಂದನ್ನೊಂದು ತಳ್ಳಿಕೊಂಡು ಎದುರುಬದುರು ನಿಲ್ಲುತ್ತವೆ. ಆದರೆ ಹೀಗೆ ಒಂಟಿ ಅಣುವಾಗಿ ಇರುವುದು ಸುಮಾರು 1200 ಕೆಲ್ವಿನ್‌ವರೆಗೆ ಕಾದ ಆವಿಯಲ್ಲಿ. ಅದಕ್ಕಿಂತ ತಣ್ಣಗಿನ ಆವಿಯಲ್ಲಿ ಅಣುಗಳು ಎರಡೆರಡು ಕೂಡಿಕೊಳ್ಳುತ್ತವೆ. ಬಾಟಲಿಯಲ್ಲಿರುವ ಹರಳಿನಲ್ಲಂತೂ ಉದ್ದುದ್ದ ಸರಪಳಿ! ಯಾಕೆ ಗೊತ್ತಾ? ಒಂಟಿ ಅಣುವಿನಲ್ಲಿ ಬೆರಿಲಿಯಂ ಸುತ್ತ ನಾಲ್ಕೇ ಎಲೆಕ್ಟ್ರಾನ್, ಇನ್ನೂ ನಾಲ್ಕಕ್ಕೆ ಜಾಗ ಇದೆ. ಪಕ್ಕದ ಅಣುಗಳ ಕ್ಲೋರಿನ್ ತಮ್ಮ ಒಂಟಿ ಜೋಡಿ ಕೊಟ್ಟು ಸೇತುವೆಯಾಗುತ್ತವೆ. ಕಡೆಗೆ ಒಂದೊಂದು ಬೆರಿಲಿಯಂಗೂ ನಾಲ್ಕು ಕ್ಲೋರಿನ್. ಮೊಮ್ಮಗಳು ಬರೆದದ್ದು ಇದನ್ನೇ.

ನಮ್ಮ ಕರಾವಳಿಯ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಕಷ್ಟವೂ ಅಲ್ಲ. ಸಾಣಿಕಟ್ಟಾ ಆಗರದ ಹರಳುಪ್ಪು ಮಳೆಗಾಲದಲ್ಲಿ ಭರಣಿಯೊಳಗೇ ನೀರು ಬಿಡುತ್ತದಲ್ವಾ, ಅದಕ್ಕೆ ಮುಖ್ಯ ಕಾರಣ ಸಮುದ್ರದ ನೀರಿನಿಂದ ಉಪ್ಪಿನ ಜೊತೆ ಉಳಿದುಬಂದ ಮೆಗ್ನೀಸಿಯಂ ಕ್ಲೋರೈಡ್. ಆವರ್ತಕ ಕೋಷ್ಟಕದಲ್ಲಿ ಬೆರಿಲಿಯಂನ ಕೆಳಗಿನ ಮನೆಯೇ ಮೆಗ್ನೀಸಿಯಂ. ಇದಕ್ಕೂ ಎರಡು ಕ್ಲೋರಿನ್. ಆದರೆ ನೀರಿಲ್ಲದ ಇದರ ಹರಳಿನಲ್ಲಿ ಒಂದೊಂದು ಮೆಗ್ನೀಸಿಯಂ ಅಯಾನಿನ (ವಿದ್ಯುದಾವೇಶ ಹೊತ್ತ ಪರಮಾಣುವಿನ) ಸುತ್ತ ಆರು ಕ್ಲೋರೈಡ್, ಅದೂ ಪದರ ಪದರವಾಗಿ. ಬೆರಿಲಿಯಂ ಅಯಾನು ತೀರಾ ಚಿಕ್ಕದು, ಕ್ಲೋರಿನ್ನಿನ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಜಾಸ್ತಿ ಎಳೆಯುತ್ತದೆ, ಅದಕ್ಕೇ ಅಲ್ಲಿ ಹಂಚಿಕೆಯ ಬಂಧ. ಮೆಗ್ನೀಸಿಯಂ ಅಷ್ಟು ಎಳೆಯುವುದಿಲ್ಲ.

ಈಗ ಮೊಮ್ಮಗಳು ಸರಪಳಿಯನ್ನು ನೋಟ್ಸಿನಿಂದ ಹೊಡೆದುಹಾಕಿ ‘ನೇರ ರೇಖೆ’ ಅಂತ ಬಾಯಿಪಾಠ ಮಾಡುತ್ತಿದ್ದಾಳೆ. ನನಗೆ ಅಂಕ ಹೋದದ್ದಕ್ಕಿಂತ ಇದೇ ಜಾಸ್ತಿ ನೋವು.

ಪ್ರಶ್ನೆಪತ್ರಿಕೆ ಮಾಡುವ ಉಪನ್ಯಾಸಕರು ದಯವಿಟ್ಟು ‘ಆವಿ ರೂಪದಲ್ಲಿ’ ಅಂತ ಎರಡು ಪದ ಸೇರಿಸಿ. ಸೇರಿಸಲು ಮರೆತಿದ್ದರೆ ಸರಪಳಿ ಬರೆದ ಮಕ್ಕಳಿಗೂ ಅಂಕ ಕೊಡಿ.

ಇಂತಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಕಾರವಾರ