ಲೀಗ್ ಇಲ್ಲದ ಊರಲ್ಲಿ ಸ್ಟ್ರೈಕರ್ ಜಗಳ

ಬೆಂಗಳೂರು
ಆಗಸ್ಟ್ 24, 2025, ಭಾನುವಾರ

ಮಗಾ,

ನಿನ್ನ ವಾಯ್ಸ್ ನೋಟ್ ಕೇಳಿದೆ. ನಾಲ್ಕು ನಿಮಿಷದಲ್ಲಿ ಮೂರು ನಿಮಿಷ ಅಲ್ಲಿನ ಚಳಿ, ಮನೆ ಬಾಡಿಗೆ, ಸಿಗದ ಸೋನಾಮಸೂರಿ ಅಕ್ಕಿ. ಕೊನೆಗೆ ಉಸಿರು ಬಿಟ್ಟು ಒಂದೇ ಪ್ರಶ್ನೆ: "ಈ ಸೀಸನ್ ನಮ್ ಟೀಮ್ ಹೆಂಗೋ?" ಅದಕ್ಕೆ ವಾಯ್ಸ್ ನೋಟಿನಲ್ಲಿ ಉತ್ತರ ಹೇಳಲು ಹೋಗಿ ಮೂರು ಸಲ ಡಿಲೀಟ್ ಮಾಡಿದೆ. ಅದಕ್ಕೇ ಈ ಕಾಗದ. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ಮ್ಯಾಚಿಗೆ ಕಂಠೀರವದ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ನಮ್ಮ ಜೊತೆ ನಿಂತು ಗಂಟಲು ಹರಿದುಕೊಂಡವರೆಲ್ಲ ಈಗ ಇದನ್ನೇ ಕೇಳುತ್ತಿದ್ದಾರೆ.

ಸೀಸನ್ ಹೇಗಿರುತ್ತೆ ಅನ್ನುವುದು ಆಮೇಲಿನ ಮಾತು. ಸೀಸನ್ ಇರುತ್ತಾ ಅನ್ನುವುದೇ ಗೊತ್ತಿಲ್ಲ ಕಣೋ.

ನೀನು ಪೇಪರ್ ಓದುವುದಿಲ್ಲ ಅಂತ ಗೊತ್ತು, ಚಿಕ್ಕದಾಗಿ ಹೇಳುತ್ತೇನೆ. ಭಾರತದ ಫುಟ್‌ಬಾಲ್ ಫೆಡರೇಷನ್ನಿಗೂ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಡೆಸುವ ಕಂಪನಿಗೂ ಇರುವ ಒಪ್ಪಂದ 2010ರದ್ದು. ಹದಿನೈದು ವರ್ಷದ್ದು, ಈ ಡಿಸೆಂಬರಿಗೆ ಮುಗಿಯುತ್ತದೆ. ಹೊಸದು ಇನ್ನೂ ಆಗಿಲ್ಲ. ಫೆಡರೇಷನ್ನಿನ ಸಂವಿಧಾನದ ಕೇಸು ಬೇರೆ ಸುಪ್ರೀಂ ಕೋರ್ಟಿನಲ್ಲಿದೆ. ಲೀಗ್ ಶುರುವಾಗಬೇಕಿದ್ದದ್ದು ಸೆಪ್ಟೆಂಬರಿನಲ್ಲಿ. ಮೂರು ತಿಂಗಳಲ್ಲಿ ಖಾಲಿ ಮಾಡಬೇಕಾದ ಬಾಡಿಗೆ ಮನೆಗೆ ಯಾರು ಸುಣ್ಣ ಬಣ್ಣ ಹೊಡೆಸುತ್ತಾರೆ? ಜುಲೈ 11ಕ್ಕೆ, ಸದ್ಯಕ್ಕೆ ಲೀಗ್ ನಿಲ್ಲಿಸಿದ್ದೇವೆ ಅಂತ ಕ್ಲಬ್‌ಗಳಿಗೆ ಹೇಳಿಬಿಟ್ಟರು. ಆಗಸ್ಟ್ 4ಕ್ಕೆ ನಮ್ಮ ಬಿಎಫ್‌ಸಿಯವರು ಮೊದಲ ಟೀಮಿನ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿದರು. ಹಿಂದಿನ ದಿನವೇ ನಮ್ಮ ಸ್ಟ್ರೈಕರ್ ಸುನಿಲ್ ಛೆಟ್ರಿಗೆ 41 ತುಂಬಿತ್ತು.

ಇಷ್ಟೆಲ್ಲ ಆದಮೇಲೂ ಇವತ್ತು ಬೆಳಿಗ್ಗೆ ಶಾಂತಿನಗರದ ದರ್ಶಿನಿಯಲ್ಲಿ ಒಂದೂವರೆ ಗಂಟೆ ಜಗಳ ಆಡಿದೆವು. ಯಾವುದರ ಮೇಲೆ ಗೊತ್ತಾ? ನಂಬರ್ 9, ಅಂದರೆ ಮುಂದೆ ನಿಂತು ಗೋಲು ಹೊಡೆಯುವ ಸ್ಟ್ರೈಕರ್, ಯಾರಾಗಬೇಕು ಅನ್ನುವುದರ ಮೇಲೆ! ಮದುವೆಯೇ ನಿಶ್ಚಯವಾಗಿಲ್ಲ, ನಾವು ಊಟಕ್ಕೆ ಒಬ್ಬಟ್ಟೋ ಚಿರೋಟಿಯೋ ಅಂತ ಕೂತಿದ್ದೆವು.

ಇದ್ದವರು ಮೂರೇ ಜನ. ನಾನು, ನಮ್ಮ ಲೆಕ್ಕದ ಹುಡುಗ, ಆಸ್ಟಿನ್ ಟೌನ್ ಅಂಕಲ್. ಅಂಕಲ್ ಈಗಲೂ ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿಸಿಕೊಳ್ಳುತ್ತಾರೆ, ಆಂಟಿಗೆ ಹೇಳಬೇಡ.

ಶುರು ಮಾಡಿದ್ದು ಹುಡುಗ. "ಹೋದ ಸೀಸನ್ ಛೆಟ್ರಿ 14 ಗೋಲು. ಭಾರತದವರಲ್ಲಿ ಅವನೇ ಫಸ್ಟು. ಟೀಮ್ ಫೈನಲ್ಲಿಗೆ ಹೋಯ್ತು. ಬದಲಾಯಿಸೋದು ಏನಿದೆ?" ನಾನು ಹೇಳಿದೆ, ಬದಲಾಯಿಸಬೇಕಾಗಿರುವುದು ಅದನ್ನೇ. ನಲವತ್ತು ದಾಟಿದ ಮನುಷ್ಯ ಹದಿನಾಲ್ಕು ಹೊಡೆದರೆ ಅದು ಅವನ ದೊಡ್ಡತನ. ಅವನ ಪಕ್ಕದಲ್ಲಿ ಇಪ್ಪತ್ತೆರಡರ ಹುಡುಗ ಒಬ್ಬ ಅದರ ಅರ್ಧವನ್ನಾದರೂ ಹೊಡೆಯದಿದ್ದರೆ ಅದು ನಮ್ಮ ಸಣ್ಣತನ.

ನೀನು ಛೆಟ್ರಿ ಪಾರ್ಟಿ ಅಂತ ಗೊತ್ತು. ಕೋಪ ಮಾಡಿಕೊಳ್ಳದೆ ಮುಂದೆ ಓದು. ಡಿಸೆಂಬರಿನಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ 4-2, ಅವನ ಹ್ಯಾಟ್ರಿಕ್, ನಾನೇ ನಿನಗೆ ವಿಡಿಯೋ ಕಾಲ್ ಮಾಡಿ ಅತ್ತಿದ್ದೆ. ಗೋವಾದ ಸೆಮಿಫೈನಲ್ ಅಂತೂ ಬಿಡು. ಇಲ್ಲಿ ಎರಡು ಗೋಲಿಂದ ಗೆದ್ದು ಅಲ್ಲಿಗೆ ಹೋದೆವು. ಅಲ್ಲಿ ಗೋವಾದವರು ಎರಡೂ ವಾಪಸ್ ಹೊಡೆದರು. ಇನ್ನೇನು ಎಕ್ಸ್‌ಟ್ರಾ ಟೈಮ್ ಅಂತ ಎಲ್ಲರೂ ನೀರು ಕುಡಿಯಲು ಎದ್ದಿದ್ದಾರೆ, ಇಂಜುರಿ ಟೈಮಿನಲ್ಲಿ ಆ ಹೆಡರ್. ನಮ್ಮ ಕೆಳಗಿನ ಮನೆಯವರು ಗ್ಯಾಸ್ ಸಿಲಿಂಡರ್ ಸಿಡಿಯಿತೇನೋ ಅಂತ ಬಾಗಿಲು ಬಡಿದರು.

ಆದರೆ ಪ್ರತಿ ಸಲ ಅವನೇ ಬರಬೇಕಾ? ದೇಶದ ಟೀಮಿಗೂ ಇದೇ ಕಾಯಿಲೆ. 2024ರ ಜೂನಿನಲ್ಲಿ ಸಾಲ್ಟ್ ಲೇಕ್‌ನಲ್ಲಿ ಕುವೈತ್ ಮ್ಯಾಚ್ ಆದಮೇಲೆ ನಿವೃತ್ತಿ ಅಂತ ಕೈ ಬೀಸಿ ಹೋದವನನ್ನು ಒಂಬತ್ತು ತಿಂಗಳಲ್ಲಿ ವಾಪಸ್ ಕರೆದರು. ಬೇರೆ ಯಾರೂ ಗೋಲು ಹೊಡೆಯುತ್ತಿರಲಿಲ್ಲ. ಈಗ ಹೊಸ ಕೋಚ್ ಖಾಲಿದ್ ಜಮೀಲ್ ತಮ್ಮ ಮೊದಲ ಕ್ಯಾಂಪಿಗೆ ಕರೆದ 35 ಜನರಲ್ಲಿ ಛೆಟ್ರಿ ಹೆಸರಿಲ್ಲ. ಕ್ಯಾಂಪ್ ನಡೆದಿದ್ದು ನಮ್ಮ ಬೆಂಗಳೂರಲ್ಲೇ. ಹುಡುಗನಿಗೆ ಆ ಪಟ್ಟಿ ನೋಡಿ ಉರಿದುಹೋಗಿದೆ. ನನಗೆ ಅದು ಸರಿ ಅನ್ನಿಸಿತು. ಹಾಗೆ ಅಂದಿದ್ದಕ್ಕೆ ನನ್ನ ಪಾಲಿನ ವಡೆ ಅವನು ತಿಂದುಬಿಟ್ಟ.

ನಿನ್ನೆ ಡುರಾಂಡ್ ಕಪ್ ಫೈನಲ್ ಇತ್ತು. ನಾವು ಈ ಸಲ ಅದರಲ್ಲೂ ಇಲ್ಲ. ನಾರ್ತ್‌ಈಸ್ಟ್‌ನವರು ಡೈಮಂಡ್ ಹಾರ್ಬರ್ ಕ್ಲಬ್ ಮೇಲೆ 6-1ರಿಂದ ಗೆದ್ದರು. ಹೋದ ಐಎಸ್‌ಎಲ್‌ನಲ್ಲಿ 23 ಗೋಲು ಹೊಡೆದ ಅವರ ಮೊರಾಕೊದ ಅಲಾದ್ದೀನ್ ಅಜಾರೈ ಇದ್ದಾನಲ್ಲ, ಅಂಥವನನ್ನು ಒಬ್ಬನನ್ನು ತಂದರೆ ಆಯ್ತು ಅಂತ ಹುಡುಗನ ಎರಡನೇ ವಾದ. ಎಲ್ಲ ಕ್ಲಬ್ಬೂ ಹೀಗೇ ಅಂದುಕೊಂಡು ಮುಂದಿನ ಜಾಗಕ್ಕೆ ಹೊರಗಿನವರನ್ನೇ ತರುತ್ತವೆ. ಆಮೇಲೆ ಭಾರತದ ಸ್ಟ್ರೈಕರ್ ಎಲ್ಲಿ ಅಂತ ಬೆಂಚಿನ ಕೆಳಗೆ ಹುಡುಕುತ್ತೇವೆ. ನನ್ನ ಮಾತು ಇಷ್ಟೇ: ಹೋದ ಸೀಸನ್ನಿನ ಮೊದಲ ಮ್ಯಾಚ್, ಈಸ್ಟ್ ಬೆಂಗಾಲ್ ಮೇಲೆ ಆ ಒಂದೇ ಗೋಲು ಹೊಡೆದದ್ದು ವಿನೀತ್ ವೆಂಕಟೇಶ್. ಹತ್ತೊಂಬತ್ತರ ಹುಡುಗ. ಅವನಿಗೆ, ನಮ್ಮ ಇನ್ನೊಬ್ಬ ಹುಡುಗ ಶಿವಶಕ್ತಿಗೆ ಪೂರ್ತಿ ತೊಂಬತ್ತು ನಿಮಿಷ ಕೊಡಿ. ಸೋತರೂ ಪರವಾಗಿಲ್ಲ. ಛೆಟ್ರಿ ಅರವತ್ತನೇ ನಿಮಿಷಕ್ಕೆ ಬರಲಿ.

ಇಷ್ಟು ಹೊತ್ತು ಅಂಕಲ್ ಸುಮ್ನೆ ಕೂತಿದ್ದರು. ಕಾಫಿ ಮುಗಿಸಿ ಲೋಟ ಕೆಳಗಿಟ್ಟು ಅಂದರು: "ನಿಮ್ಗೆ ಮುಂದಿನವರು ತೊಂದ್ರೆ ಅಲ್ಲ. ಕೊನೇ ಇಪ್ಪತ್ತು ನಿಮಿಷ ತೊಂದ್ರೆ. ಅದರಲ್ಲೂ ಎದುರಿಗೆ ಮೋಹನ್ ಬಗಾನ್ ಇದ್ರೆ ಮುಗೀತು."

ಆ ಮಾತಿಗೆ ಇಬ್ಬರೂ ಬಾಯಿ ಮುಚ್ಚಿದೆವು. ನಿನಗೆ 2015ರ ಮೇ 31 ನೆನಪಿದೆಯಲ್ಲ? ಕಂಠೀರವ, ಆಗಿನ ದೊಡ್ಡ ಲೀಗ್ ಆದ ಐ-ಲೀಗಿನ ಕೊನೆಯ ಮ್ಯಾಚ್. ನಾವು ಗೆಲ್ಲಬೇಕು, ಅವರಿಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲಿನಿಂದ ನಾವು ಮುಂದೆ. 87ನೇ ನಿಮಿಷ, ಕಾರ್ನರ್, ಅವರ ಬೆಲ್ಲೊ ರಜಾಕ್ ತಲೆ. ನೀನು ಕಬ್ಬನ್ ಪಾರ್ಕ್ ದಾಟುವವರೆಗೂ ಒಂದು ಮಾತಾಡಲಿಲ್ಲ. 2023, ಗೋವಾದ ಫತೋರ್ಡಾ, ಐಎಸ್‌ಎಲ್ ಫೈನಲ್: 2-2 ಆಗಿ ಪೆನಾಲ್ಟಿಯಲ್ಲಿ ಹೋಯಿತು. ಈ ಏಪ್ರಿಲ್ 12, ಕೊಲ್ಕತ್ತಾದ ಸಾಲ್ಟ್ ಲೇಕ್, ಮತ್ತೆ ಫೈನಲ್: ಅವರೇ ಅವರ ಗೋಲಿಗೆ ಹೊಡೆದುಕೊಂಡು ನಮ್ಮನ್ನು ಮುಂದೆ ಮಾಡಿದರು. 72ನೇ ನಿಮಿಷಕ್ಕೆ ಕಮಿಂಗ್ಸ್ ಪೆನಾಲ್ಟಿ. 96ಕ್ಕೆ ಮೆಕ್ಲಾರೆನ್. ಮೂರು ಸಲ, ಅದೇ ಕೊಲ್ಕತ್ತಾ ಕ್ಲಬ್ಬು.

ಹುಡುಗ ಬಿಡುತ್ತಾನಾ? "2019ರಲ್ಲಿ ಗೋವಾ ಮೇಲೆ ನಮ್ಮ ಭೇಕೆ 117ನೇ ನಿಮಿಷದಲ್ಲಿ ಹೊಡೆದು ಐಎಸ್‌ಎಲ್ ಕಪ್ ತಂದಾಗ ಕೊನೇ ನಿಮಿಷ ನಮ್ದಾಗಿತ್ತಲ್ಲ ಅಂಕಲ್?" ಭೇಕೆ ಈಗ ಮತ್ತೆ ನಮ್ಮಲ್ಲೇ ಇದ್ದಾನೆ ಅನ್ನುವುದು ಅವನ ಪ್ರಕಾರ ದೊಡ್ಡ ಪುರಾವೆ. ಆರು ವರ್ಷದ ಹಿಂದಿನ ಹೆಡರ್ ಮೇಲೆ ಈ ವರ್ಷದ ಸಾಲ ಕೇಳುವ ಹುಡುಗ ಅವನು.

ನನಗನ್ನಿಸುವುದು ಬೇರೆ. ನಾವು ಹುಟ್ಟಿದ ವರ್ಷವೇ ಓಡಿದ ಕೂಸು. 2013ರ ಜುಲೈನಲ್ಲಿ ಕ್ಲಬ್ ಆಯಿತು, ಮುಂದಿನ ಏಪ್ರಿಲಿಗೆ ಐ-ಲೀಗ್ ಗೆದ್ದೆವು. 2016ರಲ್ಲಿ ಇನ್ನೊಂದು, ಅದೇ ವರ್ಷ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್. ನಮಗೆ ಸೋಲುವುದನ್ನು ಯಾರೂ ಕಲಿಸಲೇ ಇಲ್ಲ. ಅದಕ್ಕೇ 2023ರ ಡಿಸೆಂಬರಿನಲ್ಲಿ ಮುಂಬೈಯವರು ಇಲ್ಲೇ ಬಂದು 4-0 ಮಾಡಿದಾಗ ಅರ್ಧ ಸ್ಟೇಡಿಯಂ ಎದ್ದು ಹೋಯಿತು. ಮಾರನೇ ದಿನ ಕೋಚ್ ಗ್ರೇಸನ್ ಮನೆಗೆ. ಹೊಸ ಕೋಚ್ ಸರಗೋಸಾ ಬಂದರೂ ಆ ಸೀಸನ್ ಹತ್ತನೇ ಜಾಗ. ಒಂದೂಕಾಲು ವರ್ಷ ಬಿಟ್ಟು ಅದೇ ಮುಂಬೈ, ಅದೇ ಮೈದಾನ, ಪ್ಲೇಆಫ್: ನಾವು 5-0. ಅವತ್ತು ಎದ್ದು ಹೋದವರೆಲ್ಲ ವಾಪಸ್ ಬಂದಿದ್ದರು. ಒಬ್ಬರೂ ನಾಚಿಕೊಂಡ ಹಾಗೆ ಕಾಣಲಿಲ್ಲ. ಹೌದು, ಅವರಲ್ಲಿ ನಾನೂ ಒಬ್ಬ.

ಪಕ್ಕದ ಟೇಬಲಿನವನೊಬ್ಬ ನಮ್ಮ ಮಾತು ಕೇಳಿ, "ಈ ಸಲ ಕಪ್ ನಮ್ದೇ ಅಲ್ವಾ ಗುರು?" ಅಂದ. ತಮಾಷೆಗೇ ಅಂದಿದ್ದು. ಆದರೆ ಜೂನ್ 4ಕ್ಕೆ ಚಿನ್ನಸ್ವಾಮಿ ಹೊರಗೆ ಆರ್‌ಸಿಬಿ ಗೆಲುವಿನ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ತೀರಿಹೋದ ಮೇಲೆ ಆ ಮಾತು ಯಾರ ಬಾಯಲ್ಲಿ ಬಂದರೂ ಕೇಳುವವರು ಒಂದು ಗಳಿಗೆ ತಲೆ ತಗ್ಗಿಸುತ್ತಾರೆ. ಅವನೂ ತಗ್ಗಿಸಿದ.

ಆಮೇಲೆ ಅಂಕಲ್ ಹಳೇ ಕಥೆ ಶುರು ಮಾಡಿದರು. ಗೌತಮಪುರದ ಪೆಲೆ ಪ್ರತಿಮೆ, ಐಟಿಐ, ಎಚ್‌ಎಎಲ್ ಟೀಮುಗಳು. ಆಗ ಆಟಗಾರನಿಗೆ ಕಾರ್ಖಾನೆಯಲ್ಲಿ ಕೆಲಸ. ಲೀಗ್ ನಡೆಯಲಿ ಬಿಡಲಿ, ಒಂದನೇ ತಾರೀಕು ಸಂಬಳ. ನಮ್ಮ ಮೇಲೆ ಅವರಿಗೆ ಒಂದು ಹಳೇ ಸಿಟ್ಟಿದೆ. 2023ರ ಮಾರ್ಚ್ 3ಕ್ಕೆ ಛೆಟ್ರಿ ಎದುರಿನವರು ಸಜ್ಜಾಗುವ ಮೊದಲೇ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದು, ಅದಕ್ಕೆ ಸಿಟ್ಟಾಗಿ ಬ್ಲಾಸ್ಟರ್ಸ್‌ನವರು ಮೈದಾನ ಬಿಟ್ಟು ಹೋದರಲ್ಲ, ನಾವೆಲ್ಲ ಅದನ್ನೇ ಒಂದು ವಾರ ಜಗಿದೆವು. ಮಾರನೇ ದಿನವೇ ರಿಯಾದ್‌ನಲ್ಲಿ ಕರ್ನಾಟಕ ಟೀಮು ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಆದಮೇಲೆ! ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಮೈಸೂರು. "ನೀವು ಒಬ್ರೂ ನೋಡ್ಲಿಲ್ಲ," ಅಂದರು. ನಿಜ, ನಾನು ನೋಡಿರಲಿಲ್ಲ. ನೀನು?

ಎದ್ದು ಹೊರಡುವಾಗ ಅವರು ಕೇಳಿದ್ದು ಮಾತ್ರ ಇನ್ನೂ ಕಿವಿಯಲ್ಲಿದೆ. "ಛೆಟ್ರಿ ಬಿಡಪ್ಪ, ಗುರ್‌ಪ್ರೀತ್ ಬಿಡು. ಅವರು ಹೆಂಗೋ ಇರ್ತಾರೆ. ಬಟ್ಟೆ ಒಗೆದು ಮಡಚಿ ಇಡೋನು, ಬಾಲಿಗೆ ಗಾಳಿ ತುಂಬೋನು, ಕಾಲು ನೀವೋನು. ಅವ್ರ ಮಕ್ಕಳ ಫೀಸು ಯಾರು ಕಟ್ತಾರೆ?" ಸಂಬಳ ನಿಂತ ಸುದ್ದಿ ಬಂದ ದಿನ ನಾನು ಮೊದಲು ಲೆಕ್ಕ ಹಾಕಿದ್ದು ಯಾವ ಆಟಗಾರ ಕ್ಲಬ್ ಬಿಟ್ಟು ಹೋಗಬಹುದು ಅಂತ. ಸುರೇಶ್ ಹೋದರೆ ಮಧ್ಯದಲ್ಲಿ ಯಾರು, ರೋಶನ್ ಹೋದರೆ ಎಡಗಡೆ ಯಾರು. ಆ ಸುದ್ದಿಯಲ್ಲೇ ಸಿಬ್ಬಂದಿ ಅನ್ನುವ ಪದ ಇತ್ತು. ಕಣ್ಣು ಹಾರಿಸಿಕೊಂಡು ಮುಂದೆ ಹೋಗಿದ್ದೆ.

ಕಿರಿಯರ ಟೀಮುಗಳಿಗೆ, ಮಕ್ಕಳ ಸಾಕರ್ ಸ್ಕೂಲುಗಳಿಗೆ ಏನೂ ತೊಂದರೆ ಇಲ್ಲ ಅಂತ ಕ್ಲಬ್ ಹೇಳಿದೆ. ಅದೊಂದು ಸಮಾಧಾನ. ನಮ್ಮ ಸಣ್ಣ ಹುಡುಗರು ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಊರಿನ ಸೂಪರ್ ಡಿವಿಷನ್ ಲೀಗ್ ಆಡುವಾಗ ಕರೆದುಕೊಂಡು ಹೋಗುತ್ತೇನೆ ಅಂತ ಅಂಕಲ್ ಹೇಳಿದ್ದಾರೆ. ನಮ್ಮ ಕ್ಲಬ್ಬಿನ ಮೊದಲ ಸೀಸನ್ ನಡೆದದ್ದೂ ಅಲ್ಲೇ. ಬಿಸಿಲಿಗೆ ಟೋಪಿ ತರಬೇಕಂತೆ, ಡ್ರಮ್ ತರಬಾರದಂತೆ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ಲೀಗ್ ನಡೆದರೆ ನಾವು ಮೊದಲ ನಾಲ್ಕರಲ್ಲಿ ಇರುತ್ತೇವೆ. ಬಗಾನ್ ಎದುರು ಮತ್ತೆ ಫೈನಲ್ ಬಂದರೆ ನಾನು ಟಿವಿ ಹಾಕುವುದಿಲ್ಲ, ನೀನೇ ನೋಡಿ ಹೇಳು. ಛೆಟ್ರಿ ಹತ್ತು ಗೋಲು ದಾಟುವುದಿಲ್ಲ ಅಂತ ನನ್ನ ಪಂಥ. ದಾಟುತ್ತಾನೆ ಅಂತ ಹುಡುಗ. ನಿನ್ನನ್ನು ಕೇಳದೆ ನಿನ್ನ ಹೆಸರನ್ನು ಅವನ ಕಡೆಗೇ ಬರೆಸಿದ್ದೇನೆ. ಸೋತವರು ಎಲ್ಲರಿಗೂ ಬೆಣ್ಣೆ ಮಸಾಲೆ, ಕಾಫಿ ಕೊಡಿಸಬೇಕು.

ಲೀಗೇ ನಡೆಯದಿದ್ದರೆ ದುಡ್ಡು ಯಾರು ಕೊಡಬೇಕು ಅಂತ ದರ್ಶಿನಿಯ ಕ್ಯಾಶಿಯರ್ ಕೇಳಿದ. ಅದನ್ನು ಇನ್ನೂ ತೀರ್ಮಾನ ಮಾಡಿಲ್ಲ.

ನಿನ್ನವನು,
ವೆಸ್ಟ್ ಬ್ಲಾಕಿನಲ್ಲಿ ನಿನ್ನ ಎಡಗಡೆ ನಿಲ್ಲುತ್ತಿದ್ದವನು

ತಾ.ಕ.: ನನ್ನ ನೀಲಿ ಸ್ಕಾರ್ಫ್ ನಿನ್ನ ಹತ್ತಿರವೇ ಇದೆ. ಅಲ್ಲಿನ ಚಳಿಗೆ ಕಟ್ಟಿಕೊಂಡು ಓಡಾಡಿದರೆ ಪರವಾಗಿಲ್ಲ. ಮೆಷಿನ್ನಿಗೆ ಮಾತ್ರ ಹಾಕಬೇಡ, ಬಣ್ಣ ಬಿಡುತ್ತೆ.