ಬಾಗಿಲ ಹೊರಗೆ ಮಗು ಎತ್ತಿಕೊಂಡು ಕುಳಿತವರಿಗೂ ಒಳಗೆ ಕೇಳಿಸಿಕೊಂಡವರಿಗೂ

ಮಗಳಿಗೆ ಮೊನ್ನೆ ವರ್ಷ ತುಂಬಿತು. ಅದೇ ವಾರ ಬಳ್ಳಾರಿಯಲ್ಲಿ ನನಗೆ ಚಿಕಿತ್ಸೆ ಕೊಡುತ್ತಿದ್ದ ಮನಃಶಾಸ್ತ್ರಜ್ಞೆ ಮೇಡಂ, "ಇನ್ನು ವಾರವಾರ ಬರಬೇಕಾಗಿಲ್ಲ, ಬೇಕೆನಿಸಿದಾಗ ಬನ್ನಿ" ಎಂದು ಕಳಿಸಿಕೊಟ್ಟರು. ಹುಟ್ಟುಹಬ್ಬಕ್ಕೆ ಹಾರೈಸಿದ ನಿಮಗೆಲ್ಲ ಧನ್ಯವಾದ ಹೇಳುವಾಗ, ಈ ಎರಡನೆಯ ಸಂತೋಷಕ್ಕೆ ಕಾರಣರಾದವರನ್ನೂ ಎಲ್ಲರೆದುರು ನೆನೆಯಬೇಕು ಎನಿಸಿತು. ಹೆರಿಗೆಯಾದ ಮೇಲೆ ನಾನೇಕೆ ಯಾರ ಮನೆಗೂ ಬರಲಿಲ್ಲ ಎಂದು ಸಿರುಗುಪ್ಪದಲ್ಲಿ ಬಹಳ ಜನ ಕೇಳಿದ್ದೀರಿ. ನಿಮಗೂ ಇದೇ ಉತ್ತರ.

ಹೆರಿಗೆಯ ನಂತರ ನನಗೆ ರಕ್ತಸ್ರಾವ ನಿಲ್ಲಲಿಲ್ಲ. ಸ್ಟ್ರೆಚರ್ ಮೇಲೆ ಹಾಕಿ ಓಡಿಸಿಕೊಂಡು ಹೋದರು. ಏನಾಗುತ್ತಿದೆ ಎಂದು ಯಾರೂ ಹೇಳಲಿಲ್ಲ, ಮಗು ಅತ್ತದ್ದೂ ನನಗೆ ಕೇಳಿಸಲಿಲ್ಲ. ಬದುಕಿ ಮನೆಗೆ ಬಂದೆ. ಅಂಟಿನ ಉಂಡೆ, ಮೆಣಸಿನ ಸಾರು, ಬಿಸಿನೀರು, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಬೀದಿಯಲ್ಲಿ ತರಕಾರಿ ತಳ್ಳುಗಾಡಿಯ ಗಾಲಿ ಕಿರುಗುಟ್ಟಿದರೆ ಸಾಕು, ಕೈಕಾಲು ತಣ್ಣಗಾಗಿ ಮತ್ತೆ ಆ ಸ್ಟ್ರೆಚರ್ ಮೇಲೆಯೇ ಇರುತ್ತಿದ್ದೆ. ರಾತ್ರಿಯಿಡೀ ಮಗುವಿನ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಅದೇ ಮಗುವನ್ನು ಹಗಲಿನಲ್ಲಿ ಎತ್ತಿಕೊಂಡು ಮುದ್ದಾಡಲು ಮನಸ್ಸು ಬರುತ್ತಿರಲಿಲ್ಲ. ಹೆತ್ತ ಹೊಸದರಲ್ಲಿ ಅಳು ಬರುವುದು, ಸುಮ್ಮನೆ ಬೇಸರವಾಗುವುದು ಅನೇಕರಿಗೆ ಇರುತ್ತದೆ, ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ನನ್ನದು ಇಳಿಯುವ ಬದಲು ಏರುತ್ತಿತ್ತು.

ಮೊದಲ ನಮಸ್ಕಾರ ನಮ್ಮ ಬಡಾವಣೆಯ ಆಶಾ ಅಕ್ಕನಿಗೆ. ಹೆರಿಗೆಯಾದವರ ಮನೆಗೆ 42ನೇ ದಿನದವರೆಗೂ ಭೇಟಿ ಕೊಡುವುದು ಅವರ ಕೆಲಸದ ಭಾಗ. ಮಗುವಿನ ತೂಕ ಬರೆದುಕೊಂಡ ಮೇಲೂ ಅವರು ಏಳಲಿಲ್ಲ. "ಮಗು ಚೆನ್ನಾಗಿದೆ ತಂಗಿ. ನೀನು ನಿದ್ದೆ ಮಾಡುತ್ತಿದ್ದೀಯಾ?" ಎಂದು ಕೇಳಿದರು. ಅಷ್ಟು ದಿನ ನನ್ನ ಬಗ್ಗೆ ಹಾಗೆ ಕೇಳಿದವರು ಅವರೊಬ್ಬರೇ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ತಮ್ಮ ಮೊಬೈಲಿನಿಂದಲೇ ಕರೆ ಮಾಡಿ, ನಾನು ಮಾತಾಡುವಷ್ಟು ಹೊತ್ತು ಪಕ್ಕದಲ್ಲಿ ಕುಳಿತರು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು. ಆ ಕಡೆಯಿದ್ದ ಹೆಣ್ಣುಮಗಳ ಮುಖ ನಾನು ನೋಡಿಲ್ಲ. ತಾಯಿ, ನಿಮಗೂ ಕೈಮುಗಿಯುತ್ತೇನೆ.

ಅತ್ತೆಯವರ ಬಗ್ಗೆ ಎಷ್ಟು ಬರೆದರೂ ಸಾಲದು. ಓಣಿಯಲ್ಲಿ ಕೆಲವರು ದೃಷ್ಟಿ ಎಂದರು, ಕೆಲವರು ಬಾಣಂತಿ ಸನ್ನಿ ಎಂದರು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, "ದೃಷ್ಟಿಯನ್ನೂ ತೆಗೆದಾಯಿತು, ನಾಳೆ ಡಾಕ್ಟರನ್ನೂ ಕಾಣೋಣ" ಎಂದರು. ಮರುದಿನ ನನಗಿಂತ ಮೊದಲೇ ಸೀರೆಯುಟ್ಟು ಬಸ್ಸಿಗೆ ಸಿದ್ಧರಾಗಿ ನಿಂತಿದ್ದರು. ಅಂದಿನಿಂದ ಪ್ರತಿ ವಾರವೂ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಆ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತರು, ಹಸಿದು ಅತ್ತಾಗ ಒಳಗೆ ತಂದು ಕೊಟ್ಟರು. ಒಳಗೆ ಏನು ಮಾತಾಡಿದೆ ಎಂದು ಒಂದು ದಿನವೂ ಕೇಳಲಿಲ್ಲ.

ಇನ್ನು ಮೇಡಂ. ಬಾಯಿಬಿಟ್ಟರೆ ಎಲ್ಲಿ ದಾಖಲಿಸಿ ಮಗುವನ್ನು ದೂರ ಮಾಡುತ್ತಾರೋ ಎಂಬ ಭಯ ನನಗಿತ್ತು. ದಾಖಲಾಗುವ ಪ್ರಸಂಗ ಬಂದರೂ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರ್ಪಡಿಸುವಂತಿಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹಾಗೆ ಹೇಳುತ್ತದೆ ಎಂದು ಮೊದಲ ದಿನವೇ ತಿಳಿಸಿದರು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸುವ ಎಡಿನ್‌ಬರೋ ಮಾಪನದ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿದರು. ಖಿನ್ನತೆ ಇದೆ, ಆದರೆ ಬೇರು ಆ ರಾತ್ರಿಯ ಭಯದಲ್ಲಿದೆ ಎಂದರು. ಯುದ್ಧ, ಅಪಘಾತ ಕಂಡವರಿಗಷ್ಟೇ ಅಲ್ಲ, ಹೆರಿಗೆಯಲ್ಲಿ ಜೀವಭಯ ಪಟ್ಟವರಿಗೂ ಆಘಾತದ ನಂತರದ ಈ ತೊಂದರೆ ಬರುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಕಣ್ಣು ಮುಚ್ಚಿ ಆ ರಾತ್ರಿಯನ್ನು, ಈಗ ನಡೆಯುತ್ತಿರುವಂತೆ, ಮೊದಲಿನಿಂದ ಹೇಳಿ ಎಂದರು. ಸ್ಟ್ರೆಚರ್‌ವರೆಗೆ ಬಂದು ನಿಂತುಬಿಡುತ್ತಿದ್ದೆ. ಅವರು ಅವಸರಪಡಿಸಲಿಲ್ಲ. ನೆಲಕ್ಕೆ ಪಾದ ಒತ್ತಿ, ಕೋಣೆಯಲ್ಲಿ ಕಾಣುವ ವಸ್ತುಗಳ ಹೆಸರು ಹೇಳಿಸಿ ಇವತ್ತಿಗೆ ಕರೆತರುತ್ತಿದ್ದರು. ಎಲ್ಲಕ್ಕಿಂತ ಘೋರವಾದ ಕ್ಷಣ ಯಾವುದು ಎಂದು ಹುಡುಕಿದೆವು: ಚಾವಣಿಯ ದೀಪಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದಾಗ, "ಮಗು ಸತ್ತಿದೆ, ನಾನೂ ಸಾಯುತ್ತೇನೆ" ಎಂದುಕೊಂಡದ್ದು. ಆ ಜಾಗಕ್ಕೆ ಬಂದಾಗ, ಈಗ ಗೊತ್ತಿರುವುದನ್ನು ಅಲ್ಲಿಯೇ ಸೇರಿಸಿ ಹೇಳಿ ಎಂದರು. ಏನು ಸೇರಿಸಲಿ? ಒಂದು ವಾರ ನಮ್ಮವರನ್ನೂ ಒಳಗೆ ಕರೆಸಿದರು. ಅವರು ತಲೆ ತಗ್ಗಿಸಿ, "ಸ್ಟ್ರೆಚರ್ ತಿರುವು ದಾಟುವ ಮುಂಚೆಯೇ ಮಗು ಅತ್ತಿತು. ನಾನು ಬಾಗಿಲಲ್ಲಿ ನಿಂತು ಕೇಳಿದೆ" ಎಂದರು. ಅವರೂ ಆ ರಾತ್ರಿಯಿಂದ ಸರಿಯಾಗಿ ಮಲಗಿರಲಿಲ್ಲ ಎಂದು ತಿಳಿದದ್ದು ಅಂದೇ. ಮುಂದಿನ ವಾರ ಚಾವಣಿಯ ದೀಪಗಳು ಬಂದಾಗ, "ಮಗು ಅತ್ತಿದೆ, ಬದುಕಿದೆ, ನಾನೂ ಬದುಕುತ್ತೇನೆ" ಎಂದು ಗಟ್ಟಿಯಾಗಿ ಹೇಳಿದೆ. ಆಮೇಲೆ ಒಂದು ದಿನ ಹೆರಿಗೆಯಾದ ಆಸ್ಪತ್ರೆಯ ಗೇಟಿನವರೆಗೆ, ಇನ್ನೊಂದು ದಿನ ಅದರ ಕಾರಿಡಾರಿನವರೆಗೆ ಹೋಗಿ ನಿಂತು ಬಂದೆ. ಈಗಲೂ ಗಾಲಿಯ ಸದ್ದಿಗೆ ಎದೆ ಒಮ್ಮೊಮ್ಮೆ ಹೊಡೆದುಕೊಳ್ಳುತ್ತದೆ. ಆದರೆ ಅದು ತರಕಾರಿ ಗಾಡಿ ಎಂದು ನನಗೆ ಗೊತ್ತಿರುತ್ತದೆ.

ಬಳ್ಳಾರಿಯವರಿಗೆ ಒಂದು ಮಾತು ಹೇಳಲೇಬೇಕು. ಜಿಲ್ಲೆಯ ಮಟ್ಟದಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಜಿಲ್ಲೆಯಲ್ಲಿಯೇ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ಆಧಾರ. ಬಿಸಿಲಿಗೂ ಗಣಿಗೂ ಹೆಸರಾದ ಊರು ಇದಕ್ಕೂ ಹೆಸರಾಗಬೇಕು. ಅಂದು ಹಳ್ಳಿಹಳ್ಳಿ ಸುತ್ತಿದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ನನ್ನ ಪ್ರಣಾಮ.

ಆ ರಾತ್ರಿ ನನಗೆ ಏರಿಸಿದ ರಕ್ತ ಯಾರದೋ ಗೊತ್ತಿಲ್ಲ. ಬಳ್ಳಾರಿ ಸೀಮೆಯಲ್ಲಿ ರಕ್ತದಾನ ಮಾಡಿದ ಪ್ರತಿಯೊಬ್ಬರೂ ಈ ಕೃತಜ್ಞತೆ ತಮಗೇ ಸಂದದ್ದೆಂದು ತಿಳಿಯಿರಿ.

ಮುಂದಿನ ತಾಯಂದಿರ ಸಭೆಗೆ ಅಂಗನವಾಡಿಗೆ ಬಂದು ಮಾತಾಡು ಎಂದು ಆಶಾ ಅಕ್ಕ ಕರೆದಿದ್ದಾರೆ, ಒಪ್ಪಿಕೊಂಡಿದ್ದೇನೆ. ಸಭೆಯಲ್ಲಿ ಕೇಳಲು ಸಂಕೋಚವಾಗುವವರು ಮನೆಗೆ ಬನ್ನಿ. ಬಳ್ಳಾರಿಗೆ ಒಬ್ಬರೇ ಹೋಗಲು ಹಿಂಜರಿಕೆಯಾದರೆ ನಾನು ಜೊತೆಗೆ ಬರುತ್ತೇನೆ. ಹೊರಗೆ ಮಗುವನ್ನು ನೋಡಿಕೊಳ್ಳಲು ತಾವೂ ಬರುವುದಾಗಿ ಅತ್ತೆ ಹೇಳಿದ್ದಾರೆ.